ಮಗಳ ಕಾರೂ ಲಕ್ಕವ್ವನ ಕುರಿಯೂ

ನನಗೆ ವಾಹನದಲ್ಲಿ ಕೂಡಲು ಬರುವುದಿಲ್ಲ. ಸರ್ಕಾರಿ ಬಸ್ಸಿನ ಕಂಡಕ್ಟರನಾಗಿ ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಗಳ ನಡುವೆ ಆಯುಷ್ಯದ ದೊಡ್ಡ ಪಾಲು ಕಳೆದವನು ಹೀಗೆಂದರೆ ನೀವು ನಗಬಹುದು. ಆದರೆ ಯೋಚಿಸಿ ನೋಡಿ, ಅಷ್ಟೂ ಕಾಲ ನಾನು ನಿಂತೇ ಇದ್ದೆ. ಬಸ್ಸು ಈ ಕಡೆ ವಾಲಿದರೆ ನಾನು ಆ ಕಡೆ ವಾಲುತ್ತ, ಕಬ್ಬು ಕಡಿಯಲು ಸಮೀರವಾಡಿಗೆ ಹೊರಟವರ ಗಂಟುಮೂಟೆ ದಾಟುತ್ತ, ತೇರದಾಳದ ಸಂತೆಯಿಂದ ಏರಿದ ಮೆಣಸಿನಕಾಯಿ ಚೀಲಕ್ಕೆ ಸೀನುತ್ತ, ಸೀಟಿನ ಅಂಚಿಗೆ ತೊಡೆ ಆನಿಸಿ ನಿಂತವನು. ಕುಳಿತವರು ಏನು ಮಾಡುತ್ತಾರೆ ಎಂಬುದನ್ನು ನಾನು ಮೇಲಿನಿಂದ ಮಾತ್ರ ನೋಡಿದ್ದೆ. ನಿವೃತ್ತಿಯ ಮೇಲೆ ಮಗಳು ಕಾರು ಕೊಂಡು, ಬಾಗಿಲು ತೆರೆದು ಹಿಡಿದು, “ಕುಂದ್ರು ಅಪ್ಪಾ” ಎಂದಾಗ ಕುಳಿತೆನೇನೋ ನಿಜ. ಆದರೆ ಕೈಗಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಮೊದಲ ದಿನ ಜಮಖಂಡಿಯ ಪೇಟೆ ದಾಟುವವರೆಗೂ ಅವನ್ನು ತೊಡೆಯ ಮೇಲೆ, ಛಾಯಾಚಿತ್ರಕ್ಕೆ ಕುಳಿತ ಮದುಮಗನ ಹಾಗೆ, ಇಟ್ಟುಕೊಂಡೇ ಇದ್ದೆ.

ಕಾರನ್ನು ಕಂಡ ಮೊದಲ ಕ್ಷಣದಲ್ಲಿ ನನಗೆ ಅನ್ನಿಸಿದ್ದನ್ನು ಮಗಳಿಗೆ ಇವತ್ತಿನವರೆಗೂ ಹೇಳಿಲ್ಲ. ಇಷ್ಟೇ ಇದೆಯೋ ಅಥವಾ ಉಳಿದ ಭಾಗ ಹಿಂದಿನಿಂದ ಬರುತ್ತಿದೆಯೋ ಎಂದು ನಾನು ಓಣಿಯ ತಿರುವಿನ ಕಡೆ ನೋಡಿದೆ. ಬಸ್ಸಿನವನ ಕಣ್ಣಿಗೆ ಹಾಗೆ ಕಂಡರೆ ತಪ್ಪೇನು? ಅದು ಅಷ್ಟು ಚಿಕ್ಕದು. ಬಣ್ಣ ಮಾತ್ರ ದೊಡ್ಡದು. ಕುಸುಬಿ ಹೂವು ಹಳದಿಯಿಂದ ಕೆಂಪಿಗೆ ಹೊರಳುವ ಮುನ್ನ ಎರಡು ದಿನ ತೊಡುವ ಬಣ್ಣ ಇದೆಯಲ್ಲ, ಅದು. ಹೊಲದ ನಡುವಿನ ರಸ್ತೆಯಲ್ಲಿ ಬಂದರೆ ಕುಸುಬಿಯ ಒಂದು ಸಾಲು ಬೇಲಿ ಜಿಗಿದು ಓಡಿಬಂದ ಹಾಗೆ ಕಾಣುತ್ತದೆ. ಮುಖ ನೋಡಿದರೆ ಆಗ ತಾನೇ ನಿದ್ದೆಯಿಂದ ಎದ್ದ ಕೂಸು.

ನನ್ನ ಒಬ್ಬಳೇ ಮಗಳು ಭಾರತಿ ಪಶುವೈದ್ಯೆ. ಬೀಳಗಿಯ ಹತ್ತಿರ, ಕೃಷ್ಣೆಯ ಹಿನ್ನೀರಿನ ದಂಡೆಯ ಒಂದು ಊರಿನಲ್ಲಿ ಸರ್ಕಾರಿ ದವಾಖಾನೆ. ಜಮಖಂಡಿಯಿಂದ ಎರಡು ಬಸ್ಸು ಬದಲಿಸಿ, ಮುಂದೆ ಸಿಕ್ಕವರ ಮೋಟರ್ ಸೈಕಲ್ಲಿನ ಹಿಂದೆ ಕುಳಿತು, ಅದೂ ಇಲ್ಲದಿದ್ದರೆ ನಡೆದು ಹೋಗುತ್ತಿದ್ದಳು. ಎಮ್ಮೆಗೆ ಹೊಟ್ಟೆಯುಬ್ಬರ ಬರುವುದು ಬಸ್ಸಿನ ವೇಳೆ ನೋಡಿಕೊಂಡಲ್ಲ. ಒಂದು ಸಲ ಆಕೆ ತಲುಪುವಷ್ಟರಲ್ಲಿ ಎಮ್ಮೆ ಸತ್ತಿತ್ತು. ಅಂದು ಮನೆಗೆ ಬಂದವಳು ಊಟ ಮಾಡಲಿಲ್ಲ. ಮರುದಿನ ಡ್ರೈವಿಂಗ್ ಕಲಿಸುವವರ ಬಳಿ ಹೋಗಿ ಹೆಸರು ಹಚ್ಚಿಬಂದಳು.

ಇನ್ನು ನನ್ನ ಹೆಂಡತಿ ಕಸ್ತೂರಿ. ಬನಹಟ್ಟಿಯ ನೇಕಾರರ ಮನೆಯ ಮಗಳು. ಮಗ್ಗದ ಸದ್ದಿನಲ್ಲಿ ಬೆಳೆದವಳಾದ್ದರಿಂದ ಮಾತು ಸ್ವಲ್ಪ ಗಟ್ಟಿ. ಆದರೆ ಮಗಳ ವೃತ್ತಿಯ ವಿಷಯಕ್ಕೆ ಬಂದಾಗ ಮಾತ್ರ ದನಿ ತಗ್ಗುತ್ತಿತ್ತು. ಭಾರತಿಗೆ ಸೀಟು ಸಿಕ್ಕ ದಿನ ಓಣಿಗೆಲ್ಲ ಪೇಡೆ ಹಂಚಿದಳು: “ಡಾಕ್ಟರಕಿ ಸೀಟ ಸಿಕ್ಕೈತ್ರಿ.” ಮಾತಿನ ಮುಂಭಾಗದಲ್ಲಿ ಬರಬೇಕಾದ ‘ದನದ’ ಎಂಬುದನ್ನು ನುಂಗಿಬಿಟ್ಟಿದ್ದಳು. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ನಮ್ಮಲ್ಲಿ ಇದಕ್ಕೆ ಸಂಸಾರ ಎನ್ನುತ್ತಾರೆ. ಪರಿಣಾಮವಾಗಿ ಬಾಜೂ ಮನೆಯ ಗೌರಕ್ಕ ಒಂದು ಸಂಜೆ ಮೊಣಕಾಲು ನೋವೆಂದು ಬಂದು ಕುಳಿತರು. ಭಾರತಿ ನಗು ತಡೆದುಕೊಂಡು, “ನಾಲ್ಕ ಕಾಲಿದ್ದವರಿಗೆ ಅಷ್ಟ ನಾ ನೋಡತೇನ್ರಿ ಗೌರಕ್ಕ” ಎಂದಳು. ಗೌರಕ್ಕನಿಗೆ ಅರ್ಥವಾಗಲಿಲ್ಲ. ಕಸ್ತೂರಿಗೆ ಅರ್ಥವಾಯಿತು, ಎರಡು ದಿನ ಮಗಳೊಡನೆ ಮಾತು ಬಿಟ್ಟಳು.

ಅವಮಾನವೆಂದಲ್ಲ. ಹೆಣ್ಣುಮಗಳು, ಓದಿದವಳು, ಸಗಣಿಯಲ್ಲಿ ಕೈಯಾಡಿಸುವುದೇ ಎಂಬ ಸಂಕಟ. ಸಂಜೆ ಮಗಳು ಮನೆಗೆ ಬಂದರೆ ಮೊದಲು ಬಚ್ಚಲಿಗೆ ದಬ್ಬುತ್ತಿದ್ದಳು, ಆಮೇಲೆ ಚಹಾ. ದವಾಖಾನೆಯಲ್ಲಿ ಏನಾಯಿತೆಂದು ಕೇಳುತ್ತಿರಲಿಲ್ಲ. ಭಾರತಿಯೂ ಹೇಳುವುದನ್ನು ಬಿಟ್ಟಿದ್ದಳು.

ಹೀಗಿರುವಲ್ಲಿ ಕಾರು ಬಂತು. ಕಸ್ತೂರಿಯ ಪಾಲಿಗೆ ಅದು ಮಗಳು ಕೊನೆಗೂ ಡಾಕ್ಟರಾದ ದಿನ. ಬಸ್ಸಿಗೆ ಕಾಯುವವಳು ಎಂಥ ಡಾಕ್ಟರು? ಆ ಕಾರಿಗೆ ನಡೆದ ಉಪಚಾರ ನಮ್ಮ ಮದುವೆಯಲ್ಲಿ ನನಗೂ ನಡೆದಿರಲಿಲ್ಲ. ಮುಂಜಾನೆ ಪಡಸಾಲೆ ಒರೆಸುವ ಮೊದಲು ಕಾರು ಒರೆಸಬೇಕು. ಅದಕ್ಕೆ ನನ್ನ ಹಳೆಯ ಮೆತ್ತನೆಯ ಧೋತರವೇ ಆಗಬೇಕು. ಹಾಗಾಗಿ ಇನ್ನೂ ಹಳೆಯದಾಗಿರದ ಧೋತರಗಳೂ ಬೇಗ ಬೇಗ ಹಳೆಯವಾಗತೊಡಗಿದವು. ಚಕ್ರದ ಕೆಳಗಿನ ನಿಂಬೆಹಣ್ಣು ಒಂದು ಸಲದ್ದಲ್ಲ, ಅಮವಾಸ್ಯೆಗೊಮ್ಮೆ. ಒಳಗೆ ಚಪ್ಪಲಿ ಸಲ್ಲ. ಕಾಲಿಡುವಲ್ಲಿ ಪೇಪರು ಹಾಸಬೇಕು. ಹಾಸುವ ಮೊದಲು ಅದರಲ್ಲಿ ದೇವರ ಚಿತ್ರವಿದೆಯೇ ನೋಡಬೇಕು. ಸೀಟುಗಳ ಮೇಲೆ ಅಂಗಡಿಯವರು ಹೊದಿಸಿ ಕಳಿಸಿದ ಪ್ಲಾಸ್ಟಿಕ್ ಇತ್ತಲ್ಲ, ಅದನ್ನು ತೆಗೆಯುವ ಮಾತೇ ಇಲ್ಲ. ಬೇಸಗೆಯಲ್ಲಿ ಕುಳಿತರೆ ಬೆನ್ನಿಗೆ ಅಂಟಿಕೊಂಡು, ಎದ್ದರೆ ಅಂಗಿಯನ್ನೂ ಎಳೆದುಕೊಳ್ಳುವ ಆ ಪ್ಲಾಸ್ಟಿಕ್ಕಿನ ಮೇಲೆ ನಾವು ಮೂವರೂ ಚರ್ ಚರ್ ಸದ್ದು ಮಾಡುತ್ತ ಪ್ರಯಾಣ ಮಾಡಿದೆವು.

“ಅವ್ವಾ, ಅದನ್ನ ತಗದರನ ಸೀಟ ಸೀಟಾಗೂದು” ಎಂದು ಭಾರತಿ ಹೇಳಿ ನೋಡಿದಳು.

“ನಿನ್ನ ದವಾಖಾನಿ ವಾಸನಿ ಸೀಟಿಗೆ ಹತ್ತಬಾರದಂತನ ಬಿಟ್ಟೇನಿ. ಇರಲಿ.”

ವಾಹನ ಎನ್ನುವುದೇ ಒಂದು ವಿಚಿತ್ರ ಶಬ್ದ. ಹೊರುವುದು ಎಂದು ಅದರ ಅರ್ಥವಂತೆ. ನಮ್ಮ ದೇವರುಗಳೆಲ್ಲ ಹೊರಲು ಒಂದೊಂದು ಪ್ರಾಣಿಯನ್ನು ಇಟ್ಟುಕೊಂಡವರು. ಶಿವನಿಗೆ ಎತ್ತು, ಗಣಪತಿಗೆ ಇಲಿ, ಅಗ್ನಿಗೆ ಟಗರು. ಇಲಿಯ ಅಳತೆಗೂ ಗಣಪತಿಯ ಅಳತೆಗೂ ಹೋಲಿಸಿದರೆ ನಮ್ಮ ಕಾರು ಚಿಕ್ಕದೆಂದು ನಾನು ಗೊಣಗುವುದು ಸರಿಯಲ್ಲ. ಆದರೆ ಯಾವ ದೇವರೂ ತಿರುಗಿ ತನ್ನ ಪ್ರಾಣಿಯನ್ನು ಹೊತ್ತದ್ದು ನಾನು ಕೇಳಿಲ್ಲ. ಅದನ್ನು ನೋಡಲು ನಾನು ಆ ಭಾನುವಾರದವರೆಗೆ ಕಾಯಬೇಕಿತ್ತು.

ಭಾನುವಾರ ಕಸ್ತೂರಿಯ ಅಕ್ಕ ನೀಲವ್ವನ ಮನೆಯ ವಾಸ್ತುಶಾಂತಿ. ನೀಲವ್ವನನ್ನು ಕೊಟ್ಟಿದ್ದು ಹಿನ್ನೀರಿನಲ್ಲಿ ಮುಳುಗಿಹೋದ ಒಂದು ಊರಿಗೆ. ಊರು ಬಿಟ್ಟಂದಿನಿಂದ ಬೀಳಗಿಯ ಬಾಡಿಗೆ ಮನೆಗಳಲ್ಲಿ ದಿನ ನೂಕಿ ಕಡೆಗೂ ಒಂದು ಸ್ವಂತ ಸೂರು ಮಾಡಿಕೊಂಡಿದ್ದರು. ಸಂತೋಷದ ಕಾರ್ಯ. ಅದರ ಜೊತೆಗೆ, ಬಳಗವೆಲ್ಲ ಒಂದೆಡೆ ಸೇರಿ ನಮ್ಮ ಕಾರು ನೋಡುವ ಮುಹೂರ್ತವೂ ಅದೇ ಎಂದು ಕಸ್ತೂರಿ ನಿಶ್ಚಯಿಸಿದ್ದಳು. ಮುಂಜಾನೆ ಎದ್ದು ಕಾರಿಗೆ ಎರಡು ಸಲ ನೀರು ಹಾಕಿದಳು. ಇಳಕಲ್ಲ ಸೀರೆ ಉಟ್ಟಳು. ಹಿಂದಿನ ಸೀಟಿನ ಮೇಲೆ ಆಯೇರಿಯ ಸಾಮಾನು: ಅಕ್ಕನಿಗೆ ಸೀರೆ, ಭಾವನಿಗೆ ಜರಿಯಂಚಿನ ಧೋತರ, ಒಂದು ಹಿತ್ತಾಳೆ ಕೊಡ, ಗಾಣದಲ್ಲಿ ಬಿಡಿಸಿದ ಕುಸುಬಿ ಎಣ್ಣೆಯ ಡಬ್ಬಿ. ಮೇಲೆ ಹಣ್ಣಿನ ಬುಟ್ಟಿ ಇಡಲು ಜಾಗ ಸಾಲಲಿಲ್ಲ. ಹಿಂಬದಿಯ ಡಿಕ್ಕಿ ತೆರೆದಳು. ಅಲ್ಲಿ ಭಾರತಿಯ ಔಷಧದ ಪೆಟ್ಟಿಗೆ ಇತ್ತು. ಯಾವಾಗಲೂ ಅಲ್ಲೇ ಇರುವಂಥದ್ದು. ಸೂಜಿ, ಕೈಗವಸು, ಬಾಟಲಿ, ಫಿನಾಯಿಲಿನ ಘಾಟು.

“ಇವತ್ತರೆ ಇದನ್ನ ಮನ್ಯಾಗ ಬಿಡು.”

“ಇರಲಿ ಬೇ ಅವ್ವಾ, ಅದೇನ ಊಟಾ ಕೇಳತೈತೇನ?” ಎಂದಳು ಭಾರತಿ.

“ಶುಭಕಾರ್ಯಕ್ಕ ಹೊಂಟೇವಿ. ಒಂದ ದಿನ ನನ್ನ ಮಗಳಾಗಿ ಬಾ. ದನದ ಡಾಕ್ಟರ ನಾಳೆ ಆಗೀಯಂತ.”

ಭಾರತಿ ನನ್ನ ಮುಖ ನೋಡಿದಳು. ನಾನು ಕಂಡಕ್ಟರ್, ಜಗಳದಲ್ಲಿ ಯಾವಾಗ ಟಿಕೇಟಿನ ಕಟ್ಟು ಎಣಿಸಿದಂತೆ ಮಾಡಬೇಕೆಂದು ಬಲ್ಲವನು. ಪೆಟ್ಟಿಗೆ ಪಡಸಾಲೆಯಲ್ಲಿ ಉಳಿಯಿತು. ಹಣ್ಣಿನ ಬುಟ್ಟಿ ಡಿಕ್ಕಿಗೆ ಹೋಯಿತು.

ಸುಗ್ಗಿಯ ಮುಂಚಿನ ಚಳಿಯ ದಿನ. ಎರಡೂ ಬದಿ ಬಿಳಿಜೋಳ ತೆನೆಕಟ್ಟಿತ್ತು. ಜೋಡಿ ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಎದುರು ಬರುತ್ತಿದ್ದವು. ಪ್ರತಿ ಟ್ರ್ಯಾಕ್ಟರು ಬಂದಾಗಲೂ ನಾನು ಕಿಟಕಿಯ ಹೊರಗೆ ಕೈಹಾಕಿ ಕಾರಿನ ಬಾಗಿಲನ್ನು ಎರಡು ಸಲ ತಟ್ಟುತ್ತಿದ್ದೆ, ಬಸ್ಸಿಗೆ ತಟ್ಟಿದ ಹಾಗೆ. “ಅಪ್ಪಾ, ನನಗ ಕಾಣಸ್ತೈತಿ” ಎನ್ನುತ್ತಿದ್ದಳು ಭಾರತಿ. ಬೀಳಗಿ ಇನ್ನೂ ಸ್ವಲ್ಪ ದೂರವಿರುವಾಗ ಎಡಗಡೆ ಹಿನ್ನೀರು ಕಾಣಿಸಿತು. ನೀರು ಇಳಿದ ಜಾಗದಲ್ಲಿ ಹಸಿರು ಚಿಗುರಿ, ಅಲ್ಲಿಗೆ ಕುರಿಗಳನ್ನು ಹೊಡೆದುಕೊಂಡು ಬರುವ ಕಾಲ. ರಸ್ತೆಯ ಪಕ್ಕ ಒಂದು ಜಾಲಿಮರದ ಕೆಳಗಿನಿಂದ ಒಬ್ಬ ಹೆಂಗಸು ಎದ್ದು ಓಡಿಬಂದು ಕೈ ಎತ್ತಿದಳು.

ಕೈ ಎತ್ತುವುದರಲ್ಲಿ ಬಗೆಗಳಿವೆ. ಬಸ್ಸು ನಿಲ್ಲಿಸುವ ಕೈ ಬೇರೆ, ನಿಂತರೆ ನಿಲ್ಲಲಿ ಎನ್ನುವ ಕೈ ಬೇರೆ. ಇದು ಎರಡೂ ಅಲ್ಲ. ಎರಡು ಕೈಗಳನ್ನೂ ತಲೆಯ ಮೇಲೆ ಎತ್ತಿ ಆಕೆ ರಸ್ತೆಯ ನಡುವೆಯೇ ನಿಂತುಬಿಟ್ಟಳು.

“ನಿಂದರಸಬ್ಯಾಡ, ಹೊತ್ತಾಗೈತಿ” ಎಂದಳು ಕಸ್ತೂರಿ. ಅಷ್ಟರಲ್ಲಿ ಕಾರು ನಿಂತಾಗಿತ್ತು.

“ಡಾಕ್ಟರಬಾಯಿ, ನಿಮ್ಮ ಗಾಡಿ ಬಣ್ಣಾ ದೂರಿಂದನ ಕಂಡ್ನಿರಿ!” ಹೆಂಗಸಿನ ಕಣ್ಣಲ್ಲಿ ನೀರು. “ನಮ್ಮ ದೇವರ ಬೀರಪ್ಪನ ನಿಮ್ಮನ್ನ ಕಳಿಸ್ಯಾನ. ಕುರಿ ಮುಂಜಾನಿಂದ ತಿಣಕಾಕತ್ತೈತ್ರಿ. ಮರೀದು ಒಂದ ಕಾಲಷ್ಟ ಹೊರಗ ಬಂದೈತಿ. ಮಂದಿ ಹಿಂಡ ಹೊಡಕೊಂಡ ಮುಂದ ಹೋದರು. ನಾ ಒಬ್ಬಾಕಿನ ಅದೇನ್ರಿ.”

ಆಕೆ ಲಕ್ಕವ್ವ. ಕುರಿ ಕಾಯುವವರ ಮನೆಯಾಕೆ. ಭಾರತಿಗೆ ಪರಿಚಯ. ಮರದ ಕೆಳಗೆ ಕಂಬಳಿಯ ಮೇಲೆ ಒಂದು ಬಿಳಿ ಕುರಿ ಮಲಗಿತ್ತು. ಮೂತಿ ನೆಲಕ್ಕೆ ಹಚ್ಚಿತ್ತು. ತಾಯಿ ಸತ್ತ ಮರಿಯಾಗಿದ್ದಾಗ ಬಾಟಲಿಯಲ್ಲಿ ಹಾಲು ಕುಡಿಸಿ, ಮಗ್ಗುಲಲ್ಲಿ ಮಲಗಿಸಿಕೊಂಡು ತಾನೇ ಸಾಕಿದ್ದೆಂದು ಲಕ್ಕವ್ವ ಒಂದೇ ಉಸಿರಿಗೆ ಹೇಳಿದಳು. ಭಾರತಿ ಚಪ್ಪಲಿ ಅಲ್ಲೇ ಕಳಚಿ, ಹೊಸ ಚೂಡಿದಾರದ ತೋಳು ಮೇಲೇರಿಸಿ ಮೊಣಕಾಲೂರಿದಳು. ಕುರಿಯ ಹೊಟ್ಟೆ ಮುಟ್ಟಿ ನೋಡಿ, ಅಭ್ಯಾಸ ಬಲದಿಂದ ಹಿಂದೆ ತಿರುಗಿ, “ಅಪ್ಪಾ, ಡಿಕ್ಕ್ಯಾಗಿನ ಪೆಟಗಿ...” ಎಂದವಳಿಗೆ ಪೆಟ್ಟಿಗೆ ಮನೆಯಲ್ಲುಳಿದದ್ದು ನೆನಪಾಯಿತು.

ಕಸ್ತೂರಿ ಕಾರಿನ ಬಾಗಿಲಲ್ಲಿ ಸೀರೆಯ ನಿರಿಗೆ ಹಿಡಿದು ನಿಂತಿದ್ದಳು. ನಾನು ಅವಳ ಮುಖ ನೋಡಲಿಲ್ಲ.

ಭಾರತಿ ಕುರಿಯ ಹೊಟ್ಟೆಯನ್ನು ಮತ್ತೊಮ್ಮೆ ಒತ್ತಿ ನೋಡಿದಳು. “ಮರಿ ತಲಿ ಹಿಂದ ಹೊಳ್ಳೇತಿ. ಸರಿ ಮಾಡಬೇಕು. ಕೈ ಒಳಗ ಜಾರಲಿಕ್ಕೆ ಏನರೆ ಬೇಕಲ್ಲ...”

ಆಗ ಹಿಂದಿನಿಂದ ಡಬ್ಬಿಯ ಮುಚ್ಚಳ ತೆರೆದ ಸದ್ದು ಕೇಳಿತು. ಕಸ್ತೂರಿ ಅಕ್ಕನಿಗೆ ತಂದ ಕುಸುಬಿ ಎಣ್ಣೆಯ ಡಬ್ಬಿ ಹಿಡಿದು ಬರುತ್ತಿದ್ದಳು.

“ಇದು ನಡೀತೈತೇನ ನೋಡು.”

“ನಡೀತೈತಿ” ಎಂದಳು ಭಾರತಿ, ತಾಯಿಯತ್ತ ನೋಡದೆ. ನೀರಿನ ಬಾಟಲಿಯಿಂದ ಕೈ ತೊಳೆಸಿದೆ. ಕಸ್ತೂರಿ ಮಗಳ ಮೊಣಕೈವರೆಗೆ ಎಣ್ಣೆ ಹೊಯ್ದಳು. ಎಳೆಯವಳಿದ್ದಾಗ ಭಾನುವಾರದ ತಲೆಸ್ನಾನಕ್ಕೆ ಹೊಯ್ಯುತ್ತಿದ್ದಳಲ್ಲ, ಹಾಗೆ. ಆಮೇಲೆ ನಡೆದುದನ್ನು ನಾನು ಪೂರಾ ನೋಡಲಿಲ್ಲ. ನನ್ನ ಧೈರ್ಯ ಟಿಕೇಟಿಲ್ಲದ ಪ್ರಯಾಣಿಕರ ಮಟ್ಟಿಗಷ್ಟೇ. ಆದರೆ ಮಗಳ ಮುಖ ನೋಡಿದೆ. ಕಣ್ಣು ಮುಚ್ಚಿಕೊಂಡಿದ್ದಳು. ಕಾಣದ್ದನ್ನು ಬೆರಳುಗಳಿಂದ ಓದುತ್ತಿದ್ದಳು. ಕುರಿ ತಿಣುಕಿದಾಗ ತಡೆದು, ಬಿಟ್ಟಾಗ ಸರಿಸಿ, ಬಾಯಲ್ಲಿ ಏನೋ ಮೆಲ್ಲಗೆ ಗೊಣಗುತ್ತ. “ಆತು, ಆತು, ನನ್ನವ್ವ, ಇನ್ನ ಸ್ವಲ್ಪ...” ಈ ದನಿ ನನಗೆ ಗುರುತಿತ್ತು. ಮಗಳಿಗೆ ಜ್ವರ ಬಂದಾಗ ಕಸ್ತೂರಿ ಕೂತು ಮಾತಾಡುತ್ತಿದ್ದ ದನಿ ಅದು. ಮಗಳಲ್ಲಿ ಇದೆಯೆಂದು ನನಗೆ ತಿಳಿದಿರಲಿಲ್ಲ.

ಮೊದಲ ಮರಿ ಹೊರಬಂತು. ಅಲುಗಲಿಲ್ಲ. ಭಾರತಿ ಮೂಗು ಬಾಯಿ ಒರೆಸಿದಳು, ಎದೆ ತಿಕ್ಕಿದಳು, ಹಿಂಗಾಲು ಹಿಡಿದು ತೂಗಿದಳು. ಬಹಳ ಹೊತ್ತು ಬಿಡಲಿಲ್ಲ. ಕೊನೆಗೆ ಮೆಲ್ಲಗೆ ಕೆಳಗಿಟ್ಟಳು. ಲಕ್ಕವ್ವ ಅದರ ಮೈಮೇಲೆ ಒಮ್ಮೆ ಕೈಯಾಡಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಇನ್ನೊಂದೈತಿ” ಎಂದಳು ಭಾರತಿ. ಎರಡನೆಯದು ಬೇಗ ಬಂತು, ಮುಷ್ಟಿಯಷ್ಟು. ಬಂದದ್ದೇ ಸೀನಿತು. ಆ ಸೀನು ಕೇಳಿ ನಾವು ನಾಲ್ವರೂ ನಕ್ಕುಬಿಟ್ಟೆವು. ಪಕ್ಕದಲ್ಲಿ ಸತ್ತ ಮರಿ ಮಲಗಿರುವಾಗಲೇ ನಕ್ಕೆವು.

ಆದರೆ ತಾಯಿಕುರಿ ತಲೆ ಎತ್ತಲಿಲ್ಲ. ಕಿವಿ ತಣ್ಣಗಾಗಿದ್ದವು. ಭಾರತಿ ರೆಪ್ಪೆ ತೆರೆದು ನೋಡಿದಳು. “ಸೋತೈತಿ. ಸಲಾಯಿನ ಬಾಟ್ಲಿ ಹಚ್ಚಬೇಕು, ಸೂಜಿ ಮಾಡಬೇಕು. ಎಲ್ಲಾ ದವಾಖಾನ್ಯಾಗ ಐತಿ. ಇಲ್ಲಿಂದ ದೂರಿಲ್ಲ. ಆದ್ರ...” ಎಂದು ಕಾರಿನ ಕಡೆ ನೋಡಿದಳು, ಆಮೇಲೆ ತಾಯಿಯ ಕಡೆ. ಎಂದೂ ಏನನ್ನೂ ಬೇಡದ ಹುಡುಗಿ.

ಕಸ್ತೂರಿ ಕಾರಿನ ಹಿಂಬಾಗಿಲು ತೆರೆದು ಹಿತ್ತಾಳೆ ಕೊಡವನ್ನು ತೆಗೆದು ನನ್ನ ಕೈಗೆ ಕೊಟ್ಟಳು.

“ನಾ ಪೆಟಗಿ ಬಿಡಿಸಿ ಬರಲಿಲ್ಲಂದ್ರ ಇದಕ್ಕ ಇಷ್ಟ ಹೊತ್ತಿಗೆ ಸೂಜಿ ಆಗಿರತಿತ್ತು” ಎಂದಳು. “ಏನ ನೋಡಕೋತ ನಿಂತ್ರಿ? ಎತ್ತರಿ.”

ಕಾರು ಎಷ್ಟು ಚಿಕ್ಕದೆಂಬುದು ಅದರಲ್ಲಿ ಒಂದು ಕುರಿಯನ್ನು ಮಲಗಿಸಿದಾಗ ತಿಳಿಯುತ್ತದೆ. ಹಿಂದೆ ಆ ತುದಿಗೆ ಲಕ್ಕವ್ವ, ಈ ತುದಿಗೆ ಕಸ್ತೂರಿ, ನಡುವೆ ಕುರಿ. ಅದರ ತಲೆ ಕಸ್ತೂರಿಯ ಇಳಕಲ್ಲ ಸೀರೆಯ ಮೇಲೆ. ಮುಂದೆ ನನ್ನ ಕಾಲಬಳಿ ಹಿತ್ತಾಳೆ ಕೊಡ, ತೊಡೆಯ ಮೇಲೆ ಮರಿ. ಚಳಿಗೆ ನಡುಗುತ್ತಿದ್ದ ಮರಿಗೆ ಸುತ್ತಿದ್ದು ಷಡ್ಡಕರಿಗೆ ತಂದ ಜರಿಯಂಚಿನ ಧೋತರ. ಸತ್ತ ಮರಿಯನ್ನು ಲಕ್ಕವ್ವ ಮರದ ಬುಡದಲ್ಲಿ ಮಣ್ಣು ಮಾಡಿ ಮೇಲೆ ಕಲ್ಲಿಟ್ಟು ಬಂದಳು. ಅಂದು ಮೊದಲ ಬಾರಿಗೆ ಕಾರಿನಲ್ಲಿ ನನ್ನ ಕೈಗಳಿಗೆ ಕೆಲಸ ಸಿಕ್ಕಿತು.

ಹೊರಟ ಮೇಲೆ ಇನ್ನೊಂದು ಪೇಚು. ತಿರುವು ಬಂದಾಗಲೆಲ್ಲ ಕುರಿ ಪ್ಲಾಸ್ಟಿಕ್ಕಿನ ಮೇಲೆ ಜಾರುತ್ತಿತ್ತು. ಜಾರಿದಾಗ ಬೆದರಿ ಕಾಲು ಝಾಡಿಸುತ್ತಿತ್ತು. ಲಕ್ಕವ್ವ ತಬ್ಬಿ ಹಿಡಿದರೂ ನಿಲ್ಲಲಿಲ್ಲ. ಇದ್ದಕ್ಕಿದ್ದಂತೆ ಹಿಂದೆ ಪರ್ ಎಂದು ಹರಿದ ಸದ್ದು. ತಿರುಗಿ ನೋಡಿದರೆ ಕಸ್ತೂರಿ ಹಲ್ಲುಕಚ್ಚಿ ಪ್ಲಾಸ್ಟಿಕ್ಕನ್ನು ಎಳೆದೆಳೆದು ಹರಿಯುತ್ತಿದ್ದಾಳೆ. ಹರಿದದ್ದನ್ನು ಉಂಡೆಮಾಡಿ ಕಾಲಕೆಳಗೆ ತುರುಕಿ, ಕುರಿಯನ್ನು ಬಟ್ಟೆಯ ಸೀಟಿನ ಮೇಲೆ ಒರಗಿಸಿದಳು. ಅದು ಕಾಲು ಚಾಚಿ ಸುಮ್ಮನಾಯಿತು. ಕನ್ನಡಿಯಲ್ಲಿ ಭಾರತಿ ಇದನ್ನೆಲ್ಲ ಕಂಡಳು. “ರಸ್ತಾ ನೋಡಿ ಹೊಡಿ” ಎಂದಳು ಕಸ್ತೂರಿ.

ದವಾಖಾನೆ ಎಂದರೆ ಒಂದು ಕೋಣೆ, ಒಂದು ಬೇವಿನ ಮರ, ದನ ನಿಲ್ಲಿಸುವ ಕಬ್ಬಿಣದ ಚೌಕಟ್ಟು. ಬೀಗದಕೈ ಕಾರಿನ ಚಾವಿಯ ಗೊಂಚಲಲ್ಲೇ ಇತ್ತು. ಭಾರತಿ ಬಾಟಲಿ ಹಚ್ಚಿದಳು. ಅದನ್ನು ತೂಗುಹಾಕಬೇಕಾದ ಕೊಂಡಿ ಕಿತ್ತುಹೋಗಿತ್ತು. “ಅಪ್ಪಾ, ಕೈ ಮ್ಯಾಲೆ ಎತ್ತಿ ಹಿಡಕೊಂಡ ನಿಂದರತೀಯೇನ?” ಎಂದಳು. ಮೇಲಿನ ಸರಳು ಹಿಡಿದು ತಾಸುಗಟ್ಟಲೆ ನಿಲ್ಲುವುದರಲ್ಲಿ ಈ ತಾಲೂಕಿನಲ್ಲಿ ನನಗೆ ಸಮಾನರಿಲ್ಲ. ನಿಂತೆ.

ಕಸ್ತೂರಿ ನೆಲದ ಮೇಲೆ ಕುಳಿತು ಮರಿಯನ್ನು ಒಣ ಬಟ್ಟೆಯಿಂದ ತಿಕ್ಕುತ್ತಿದ್ದಳು. ಕೈ ಮರಿಯ ಮೇಲಿದ್ದರೂ ಕಣ್ಣು ಮಗಳ ತೋಳಿನ ಮೇಲಿತ್ತು. ಮೊಣಕೈಯ ಮೇಲೆ, ಯಾವಾಗಲೂ ಬಟ್ಟೆಯೊಳಗೆ ಮುಚ್ಚಿರುವ ಕಡೆ, ಹಳೆಯದೊಂದು ಕಪ್ಪು ಕಲೆ, ಅದರ ನಡುವೆ ಹೊಲಿಗೆಯ ಗುರುತು.

“ಅದೇನ?”

ಭಾರತಿ ಚೂಡಿದಾರದ ತೋಳು ಇಳಿಸಲು ನೋಡಿದಳು. ಎಣ್ಣೆಗೈ, ಇಳಿಯಲಿಲ್ಲ. “ಎಮ್ಮಿ ಒದ್ದಿತ್ತು. ಹ್ವಾದ ವರ್ಷ.”

“ಬಚ್ಚಲದಾಗ ಜಾರಿಬಿದ್ದೆ ಅಂದಿದ್ದೆಲ್ಲ.”

“ಖರೆ ಹೇಳಿದ್ರ ನೀ ಅಳತಿದ್ದಿ. ನೌಕರಿ ಬಿಡು ಅಂತಿದ್ದಿ.”

ಕಸ್ತೂರಿ ಮರಿಯನ್ನು ಹೊರಳಿಸಿ ಇನ್ನೊಂದು ಮಗ್ಗುಲು ತಿಕ್ಕಿದಳು. “ಅಂತಿದ್ದೆ” ಎಂದಳು. ಆಮೇಲೆ ಕೇಳಿದಳು, “ಎಮ್ಮಿ ಉಳೀತೇನ?”

“ಉಳೀತು. ಈಗ ದಿನಾ ಹಾಲ ಕೊಡತೈತಿ.”

“ಒದ್ದರೂ ಬಿಡಲಿಲ್ಲಲ ನೀ.”

“ಅದಕ್ಕ ಬ್ಯಾನಿ ಆಗತಿತ್ತವ್ವಾ. ಬೇಕಂತ ಒದೀತೇನ?”

ಕಸ್ತೂರಿ ಎದ್ದು ಹೋಗಿ ಮಗಳ ತೋಳಿನ ಆ ಕಲೆಯ ಮೇಲೆ ಹೆಬ್ಬೆರಳು ಒತ್ತಿ, ಇನ್ನೂ ನೋಯುತ್ತದೆಯೇ ಎಂದು ಕೇಳದೆ ಕೇಳಿದಳು. ಭಾರತಿ ಇಲ್ಲವೆಂದು ತಲೆಯಾಡಿಸಿದಳು. ನನ್ನ ಕೈ ಬಾಟಲಿಯಲ್ಲಿ ಸಿಕ್ಕಿಬಿದ್ದಿತ್ತು. ಕಣ್ಣು ಒರೆಸಿಕೊಳ್ಳುವ ಸೌಕರ್ಯ ಇರಲಿಲ್ಲ.

ಬಿಸಿಲು ಬೇವಿನ ಮರದ ನೆತ್ತಿಯಿಂದ ಇಳಿಯುವ ಹೊತ್ತಿಗೆ ಕುರಿ ಕಿವಿ ಅಲುಗಿಸಿತು. ಇನ್ನೊಂದಿಷ್ಟು ಹೊತ್ತಿಗೆ ಮುಂಗಾಲು ಮಡಚಿ, ಬಿದ್ದು, ಮತ್ತೆ ಎದ್ದು ನಿಂತಿತು. ಕಸ್ತೂರಿ ಮರಿಯನ್ನು ಅದರ ಮುಂದಿಟ್ಟಳು. ಅದು ಮೂಸಿತು, ನೆಕ್ಕತೊಡಗಿತು. ಲಕ್ಕವ್ವ ಭಾರತಿಯ ಎರಡೂ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ಆಮೇಲೆ ಕಸ್ತೂರಿಯ ಕಡೆ ತಿರುಗಿ, “ಎಂಥಾ ಮಗಳನ್ನ ಹಡದೀರಿ ಯವ್ವಾ” ಎಂದಳು. ಕಸ್ತೂರಿ ಮಗಳ ಹಣೆಗೆ ಇಳಿದ ಕೂದಲನ್ನು ಹಿಂದಕ್ಕೆ ಸರಿಸಿದಳು.

ಲಕ್ಕವ್ವನನ್ನೂ ಕುರಿಯನ್ನೂ ಹಿಂಡು ಬೀಡುಬಿಟ್ಟ ಹೊಲಕ್ಕೆ ಇಳಿಸಿ ನಾವು ನೀಲವ್ವನ ಮನೆ ತಲುಪಿದಾಗ ಪಂಕ್ತಿಗಳೆಲ್ಲ ಮುಗಿದು ಅಡುಗೆಯವರು ಪಾತ್ರೆ ಬಳಿಯುತ್ತಿದ್ದರು. ಬಳಗವೆಲ್ಲ ಕಾರು ನೋಡಲು ಅಂಗಳಕ್ಕೆ ಬಂತು. ಬಾಗಿಲು ತೆರೆಯಿತು. ಮೊದಲು ಇಳಿದದ್ದು ವಾಸನೆ. ಆಮೇಲೆ ಮಣ್ಣು, ಎಣ್ಣೆ ಮೆತ್ತಿದ ಇಳಕಲ್ಲ ಸೀರೆಯಲ್ಲಿ ಕಸ್ತೂರಿ. ಹಿಂದಿನ ಸೀಟಿನ ಮೇಲೆ ಕುರಿಯ ಹಿಕ್ಕೆ, ಮೆಣಸಿನಕಾಳು ಚೆಲ್ಲಿದಂತೆ.

“ಇದೇನ ಅವತಾರ ಬೇ ಕಸ್ತೂರಿ?” ಎಂದು ನೀಲವ್ವ ಮೂಗು ಮುಚ್ಚಿಕೊಂಡಳು.

ಕಸ್ತೂರಿ ಅರ್ಧ ಖಾಲಿಯಾದ ಎಣ್ಣೆ ಡಬ್ಬಿಯನ್ನು ಅಕ್ಕನ ಕೈಗಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದಳು: “ನಮ್ಮ ಭಾರತಿ ದನದ ಡಾಕ್ಟರ ಅಲ್ಲೇನ? ದಾರ್ಯಾಗ ಒಂದ ಬಾಣಂತನ ಮುಗಿಸಿ ಬಂದೇವಿ. ಭಾವನ ಧೋತರ ಕೂಸಿಗೆ ಸುತ್ತೇವಿ, ಇನ್ನೊಂದ ಕೊಡತೇನಿ. ನಮಗ ಊಟಕ್ಕ ಏನರೆ ಉಳದೈತೇನ ನೋಡು.” ಉಳಿದಿತ್ತು. ಹೋಳಿಗೆ ಮುರಿದಿದ್ದವು, ಕಟ್ಟಿನ ಸಾರು ತಣ್ಣಗಾಗಿತ್ತು. ಅಷ್ಟು ರುಚಿಯಾದ ಊಟ ನಾನು ಉಂಡಿಲ್ಲ.

ಹೊಸ ವಸ್ತುವೊಂದು ಮನೆಗೆ ಬಂದಾಗ ಮೊದಮೊದಲು ನಾವೇ ಅದರವರಾಗಿರುತ್ತೇವೆ. ಅದು ನಮ್ಮದಾಗುವುದು ತಡವಾಗಿ, ಒಂದು ಕಲೆ ಬಿದ್ದ ಮೇಲೆ. ಸೀಟಿನ ಆ ಕಲೆ ಸೋಪಿಗೂ ಹೋಗಲಿಲ್ಲ, ಶಿಕಾಕಾಯಿಗೂ ಹೋಗಲಿಲ್ಲ. ಕಾರು ಒರೆಸುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ, ವಾರಕ್ಕೊಮ್ಮೆ. ಕಸ್ತೂರಿಗೆ ವೇಳೆ ಇಲ್ಲ. ಮಗಳು ಬಂದ ಕೂಡಲೇ ಚಹಾ ಮುಂದಿಟ್ಟು ಎದುರು ಕುಳಿತುಬಿಡುತ್ತಾಳೆ. ಯಾರ ಆಕಳಿಗೆ ಏನಾಯಿತು, ಯಾವ ಎತ್ತು ಮೇವು ಬಿಟ್ಟಿತು ಎಂಬುದೆಲ್ಲ ಅವಳಿಗೆ ಬೇಕು. ಬಚ್ಚಲು ಆಮೇಲೆ.

ಲಕ್ಕವ್ವ ಆ ಮರಿಗೆ ಕಾರಿ ಎಂದು ಹೆಸರಿಟ್ಟಳು. ಕಾರಿ ಎಂದರೆ ಕಪ್ಪು, ಹಾಲಿನಂಥ ಬಿಳಿ ಮರಿಗೆ ಆ ಹೆಸರೇಕೆ ಎಂದು ನಾನು ಕೇಳಿದ್ದಕ್ಕೆ, “ಕಾರನ್ಯಾಗ ಕುಂತ ಬಂದಾಕಿ ಅಲ್ಲೇನ್ರಿ?” ಎಂದಳು. ಹಿಂಡು ಹಿನ್ನೀರಿನ ದಂಡೆಗೆ ಬಂದಾಗಲೆಲ್ಲ ಕಸ್ತೂರಿ ಕಾರಿನಲ್ಲಿ ಕುಳಿತು ಕಾರಿಯನ್ನು ನೋಡಿ ಬರುತ್ತಾಳೆ.

ವರ್ಷದೊಳಗೆ ಕಾರಿ ಬೆಳೆದು ದೊಡ್ಡವಳಾದಳು. ಮೊನ್ನೆ ಸಂಜೆ ಗೌರಕ್ಕ ಕಟ್ಟೆಯ ಮೇಲೆ ಬಂದು ಕುಳಿತರು. ಮಾತಿಗೆ ಮಾತು ಬಂದು, “ಮತ್ತ ಕಾರ ಹೆಂಗೈತ್ರಿ ಕಸ್ತೂರಕ್ಕ?” ಎಂದು ಕೇಳಿದರು. ಮೊರದಲ್ಲಿ ಜೋಳ ಹಸನುಮಾಡುತ್ತಿದ್ದ ಕಸ್ತೂರಿ ತಲೆ ಎತ್ತದೆಯೇ, “ಛಲೋ ಅದಾಳ್ರಿ. ಈಗ ಗಬ್ಬದಾಳ” ಎಂದಳು.

ಗೌರಕ್ಕ ಅಂಗಳದಲ್ಲಿ ನಿಂತಿದ್ದ ಕಾರನ್ನು ಮುಂದಿನಿಂದ ಹಿಂದಿನವರೆಗೆ ನಿಧಾನವಾಗಿ ನೋಡಿದರು. ನಾನು ಪೇಪರಿನಿಂದ ಮುಖ ಎತ್ತಲಿಲ್ಲ.

“ಚೊಚ್ಚಲ ನೋಡ್ರಿ” ಎಂದಳು ಕಸ್ತೂರಿ, ಮೊರದಿಂದ ಒಂದು ಕಲ್ಲು ಆರಿಸಿ ಎಸೆಯುತ್ತ. “ಆದ್ರ ಅಂಜಿಕಿ ಇಲ್ಲ. ನಮ್ಮ ಭಾರತಿ ಇರತಾಳಲ್ಲ.”